ಹನ್ನೊಂದು ಚಮಚ ಕ್ಯಾರೆಟ್

ಬೆಳಿಗ್ಗೆ ಎಂಟಕ್ಕೆ, ಬೇಯಿಸಿ ಅರೆದ ಕ್ಯಾರೆಟ್ಟಿನ ಚಮಚ ಹಿಡಿದು ಮಗಳ ಮುಂದೆ ಹೆದರುತ್ತಲೇ ಕೂತೆ. ಅವಳಿಗೆ ಆರು ತಿಂಗಳು. ನನ್ನ ಮೂವತ್ತೆಂಟು ವರ್ಷಗಳಲ್ಲಿ ಒಂಬತ್ತು, ಕೂಸುಗಳು ನುಂಗುವುದನ್ನು ವಿಡಿಯೊದಲ್ಲಿ ನೋಡುವುದರಲ್ಲೇ ಕಳೆದಿವೆ. (ಸಂಶೋಧನಾ ಕೇಂದ್ರದಲ್ಲಿ ನನ್ನ ಉದ್ಯೋಗ ಅದು: ಎಷ್ಟು ಸಲ ಚೀಪಿತು, ಎಷ್ಟು ಸಲ ನುಂಗಿತು, ನಡುವೆ ಯಾವಾಗ ಉಸಿರಾಡಿತು ಎಂದು ಗುರುತು ಹಾಕುವುದು.) ತುತ್ತು ದಾರಿ ತಪ್ಪಿ ಶ್ವಾಸನಾಳಕ್ಕೆ ಇಳಿಯಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕೆಂದು ಬಲ್ಲವನಿಗೆ ಧೈರ್ಯ ಎಲ್ಲಿಂದ ಬರಬೇಕು?

ಹನ್ನೊಂದು ಚಮಚ ಕೊಟ್ಟೆ. ಬಾಯಿ ತೆರೆದಳು, ಒಳಗಿಟ್ಟುಕೊಂಡಳು, ಕಲ್ಲಾದಳು, ಉಗುಳಿದಳು. ಹನ್ನೊಂದೂ ಗದ್ದದ ಮೇಲೆ ಇಳಿದವು. ಇವಳಿಗೆ ನುಂಗಲಿಕ್ಕೇ ಬಾರದಿದ್ದರೆ? ಹೆಂಡತಿಯನ್ನು ಕೂಗಿ ಕರೆದೆ.

"ಇದು ಮೂರನೇ ದಿನ ಕಣೇ. ಗಂಟಲು ಪರೀಕ್ಷೆ ಮಾಡಿಸಲೇಬೇಕು."

"ಮೊದಲು ನಿಮ್ಮ ತಲೆ ಪರೀಕ್ಷೆ ಮಾಡಿಸಿ," ಎಂದಳು ಹೆಂಡತಿ. "ಮಗೂಗೆ ಉಣ್ಣಿಸ್ತಿದ್ದೀರೋ, ಬಾಂಬ್ ಬಿಚ್ತಿದ್ದೀರೋ?"

"ನುಂಗೋದು ಎಷ್ಟು ಕಷ್ಟ ಅಂತ ನಿನಗೇನು ಗೊತ್ತು!"

"ಏಳು ವರ್ಷದಿಂದ ಕೋಪ ನುಂಗ್ಕೊಂಡೇ ಸಂಸಾರ ಮಾಡ್ತಿದ್ದೀನಿ ರೀ."

ಕೇಂದ್ರದ ಪದ್ಧತಿಯಂತೆ ಎರಡು ಫೋನ್ ನಿಲ್ಲಿಸಿ ಎಲ್ಲವನ್ನೂ ಚಿತ್ರೀಕರಿಸಿದ್ದೆ. ಒಂದು ಮಗಳ ಮುಖಕ್ಕೆ, ಇನ್ನೊಂದು ಇಬ್ಬರಿಗೂ. ಅದನ್ನು ಹಿಡಿದು ನಮ್ಮ ಮುಖ್ಯಸ್ಥೆಯ ಬಳಿ ಓಡಿದೆ. ಅವರು ಎರಡು ಸಲ ನೋಡಿದರು.

"ನಿಜ ಹೇಳಿಬಿಡಿ ಮೇಡಂ, ತಡ್ಕೋತೀನಿ."

"ಮಗು ಗುಂಡುಕಲ್ಲಿನ ಹಾಗಿದೆ. ಈಗ ಅದನ್ನ ಬಿಟ್ಟು ನಿಮ್ಮನ್ನ ನೋಡಿ."

ನೋಡಿದೆ. ಚಮಚ ಬಾಯಿಗೆ ಹೋದ ಕ್ಷಣವೇ ನಾನು ಉಸಿರು ಬಿಗಿಹಿಡಿದು, ಹುಲಿ ಕಂಡವನಂತೆ ಕಣ್ಣು ಬಿಡುತ್ತಿದ್ದೆ. ನನ್ನ ಮುಖ ನೋಡಿ ಅವಳೂ ಉಸಿರು ಹಿಡಿಯುತ್ತಿದ್ದಳು. ನಾನು ಉಸಿರು ಬಿಟ್ಟಾಗ ಅವಳು ಕ್ಯಾರೆಟ್ ಬಿಡುತ್ತಿದ್ದಳು. ಹನ್ನೊಂದು ಸಲವೂ ಹಾಗೆಯೇ. ಒಂಬತ್ತು ವರ್ಷ ಸಾವಿರಾರು ಬಾಯಿಗಳನ್ನು ನೋಡಿದವನು, ಚಮಚ ಹಿಡಿದವರ ಮುಖ ಒಮ್ಮೆಯೂ ನೋಡಿರಲಿಲ್ಲ.

ಅಷ್ಟರಲ್ಲಿ ಹೆಂಡತಿಯ ಫೋನ್: "ನೀವು ಅತ್ತ ಹೋಗಿದ್ದೇ ತಡ, ಇತ್ತ ಅರ್ಧ ಬಟ್ಟಲು ಖಾಲಿ ಮಾಡಿದ್ಳು. ಬರೋವಾಗ ಕ್ಯಾರೆಟ್ ತನ್ನಿ. ನಿಧಾನಕ್ಕೆ ಬಂದ್ರೂ ಪರವಾಗಿಲ್ಲ."

ಮುಖ್ಯಸ್ಥೆ ಒಪ್ಪಿಗೆ ಪತ್ರ ಮುಂದಿಟ್ಟರು. "ಹೊಸ ಅಪ್ಪಂದಿರ ತರಗತಿಗೆ ಈ ವಿಡಿಯೊ ಬೇಕು."

"ನನ್ನ ಮುಖ ಮರೆಮಾಡ್ತೀರಲ್ಲ ಮೇಡಂ?"

"ಮರೆಮಾಡಿದ್ರೆ ಪಾಠ ಎಲ್ಲಿರುತ್ತೆ?"

ಸಹಿ ಹಾಕಿದೆ. ತರಗತಿ ಸೋಮವಾರ ಹತ್ತು ಗಂಟೆಗೆ. ಪರದೆ ಕಟ್ಟಿ ವಿಡಿಯೊ ಹಾಕುವ ಕೆಲಸ ನನ್ನದೇ.