ಎಡಗಾಲಿಗೆ ಕೆಲಸವಿಲ್ಲದ ಕಾರು

ಅದಕ್ಕೇನೋ ಒಂದು ಹೆಸರಿದೆ. ಮೆಕಾ... ಮೆಕಾನಿಕ್ ಅಲ್ಲ. ಮೆಕಾತ್ರ... ಇರಲಿ. ಗೇರ್‌ಬಾಕ್ಸಿನ ಹೊಟ್ಟೆಯೊಳಗೆ ಕೂತು, ಯಾವ ಗೇರು ಯಾವಾಗ ಬೀಳಬೇಕೆಂದು ಅಪ್ಪಣೆ ಕೊಡುವ ಪೆಟ್ಟಿಗೆ. ಸೊಸೆ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ನೆನಪಾದಾಗ ಹೇಳುತ್ತೇನೆ. ಗ್ಯಾರೇಜಿನವನನ್ನು ಮದುವೆಯಾದವಳಿಗೆ ಇಂಥವು ತಪ್ಪಿದ್ದಲ್ಲ. ನಮ್ಮ ಅಂಗಳಕ್ಕೆ ಗಾಡಿ ಒಂದು ರೋಗ ಹೊತ್ತು ಬರುತ್ತದೆ, ಹೋಗುವಾಗ ಮನೆಮಂದಿಗೆಲ್ಲ ಒಂದೊಂದು ಹಂಚಿ ಹೋಗುತ್ತದೆ.

ನಾನು ಕೊಳ್ಳೇಗಾಲದವಳು. ಸಿಮೆಂಟು ಕಾರ್ಖಾನೆಯ ಈ ವಾಡಿಗೆ ಬಂದು ನಲವತ್ತಾರು ವರ್ಷವಾದರೂ ಇಲ್ಲಿಯವರಿಗೆ ಇನ್ನೂ ‘ಮೈಸೂರ ಕಡಿ ಅಕ್ಕ’. ನಮ್ಮೆಜಮಾನರು ಇಲ್ಲಿಯವರೇ. ಸಿಮೆಂಟು ಲಾರಿಗಳ ಗೇರ್‌ಬಾಕ್ಸ್ ಬಿಚ್ಚುವುದರಲ್ಲೇ ಅವರ ಕೂದಲು ಬೆಳ್ಳಗಾಯಿತು. ಮಗ ಲಾರಿ ಮೇಲೆ ಊರೂರು ತಿರುಗುತ್ತಾನೆ. ಗ್ಯಾರೇಜಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂರುವವಳು ಪಾಲಿಟೆಕ್ನಿಕ್ ಓದಿದ ಸೊಸೆ.

ಆಣೆ

ಕಾರು ಚಿತ್ತಾಪುರದ ವಕೀಲರೊಬ್ಬರದು. ಕೆಂಪು ಬಣ್ಣ, ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡ. ಒಂದು ಕಾಲದಲ್ಲಿ ಗಾಳಿಯ ಹಾಗೆ ಓಡಿದ್ದಂತೆ. ಈಗ ವಯಸ್ಸಾಗಿ, ಗೇರು ಬದಲಾಗುವಾಗಲೆಲ್ಲ ಕೆಮ್ಮಿ ಎದೆ ಹಿಡಿದುಕೊಳ್ಳುತ್ತಿತ್ತು. ಸೇಡಂನಲ್ಲಿ ಮಿಸ್ತ್ರಿಯೊಬ್ಬರು ನೋಡಿ ಕೈಮುಗಿದರಂತೆ. ಚಿಂಚೋಳಿಯಲ್ಲಿ ಒಬ್ಬರು ಸ್ಟೇರಿಂಗ್ ಕೆಳಗೆ ಇಣುಕಿ, “ಕ್ಲಚ್ಚೇ ಇಲ್ಲಲ್ರಿ ಸಾಹೇಬ್ರ, ದಾರ್‍ಯಾಗ ಎಲ್ಲ್ಯಾರ ಬಿದ್ದದೇನು?” ಎಂದರಂತೆ.

ನಿಜವೆಂದರೆ ಅದಕ್ಕೆ ಕ್ಲಚ್ಚು ಎರಡು. ತುಳಿಯಲು ಒಂದೂ ಇಲ್ಲ, ಅಷ್ಟೇ. ಸೊಸೆ ನನಗೆ ತಿಳಿಸಿ ಹೇಳಿದಳು: “ಅತ್ತಿ, ಒಬ್ಬಾಕಿ ಹಂಚಿನ ಮ್ಯಾಲಿನ ರೊಟ್ಟಿ ತಿರುವೋದ್ರಾಗ ಇನ್ನೊಬ್ಬಾಕಿ ಮುಂದಿಂದು ಬಡದು ತಯಾರ್ ಇಟ್ಟಿರ್ತಾಳ. ಹಂಗ ಇದು.” ನನಗೆ ಕೂಡಲೇ ಅರ್ಥವಾಯಿತು. ಇಬ್ಬರಲ್ಲಿ ಒಬ್ಬಳು ಮುನಿಸಿಕೊಂಡಿದ್ದಾಳೆ.

ಎದುರಿನ ಚಹಾದ ಹೋಟೆಲಿನವನು ಕೆಣಕಿದ: “ಮಿಸ್ತ್ರಿ, ಇದು ನಿನ್ನ ಕೈಲಿ ಆಗಂಗಿಲ್ಲ ಬಿಡು. ಲಾರಿ ಬಿಟ್ಟು ಏನ್ ಗೊತ್ತದ ನಿನಗ?”

ಇವರು ಎದ್ದು ನಿಂತರು. “ಶನಿವಾರ ಮುಂಜಾನಿ ನಾನೇ ನಡಿಸಿ ಚಿತ್ತಾಪುರಕ್ಕ ಒಯ್ದು ಕೊಡ್ತೀನಿ. ಇಲ್ಲಂದ್ರ ಈ ಬೋರ್ಡ್ ಇಳಿಸಿ ಮನ್ಯಾಗ ಕುಂದರ್ತೀನಿ!”

ಬೆಂಚಿನ ಮೇಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಗ್ಯಾರೇಜಿಲ್ಲದೆ ಇವರು ಹೇಗಿರುತ್ತಾರೆಂದು ನಾನು ಕಂಡವಳು. ಒಮ್ಮೆ ಕಾಮಾಲೆಯಾಗಿ ಹದಿನೈದು ದಿನ ಮನೆಯಲ್ಲಿದ್ದರು. ಮೊದಲ ವಾರ ಗೋಡೆ ನೋಡುತ್ತಾ ಮಲಗಿದ್ದರು. ಆ ಮುಖ ಇನ್ನೊಮ್ಮೆ ನೋಡುವ ಧೈರ್ಯ ನನಗಿಲ್ಲ. ಎರಡನೆಯ ವಾರ ಎದ್ದು, ಅಡುಗೆಮನೆಯ ಡಬ್ಬಿಗಳನ್ನೆಲ್ಲ, ನಟ್ಟು ಬಿಚ್ಚುವ ಪಾನಾ ಜೋಡಿಸಿದ ಹಾಗೆ ಗಾತ್ರದ ಪ್ರಕಾರ ಜೋಡಿಸಿಟ್ಟರು. ಸಾಸಿವೆಗಾಗಿ ಮೂರು ದಿನ ಹುಡುಕಿದೆ.

ಬೋರ್ಡು ಉಳಿಯಲೆಂದು ಇವರು ಹಠ ತೊಟ್ಟರು. ಸಾಸಿವೆ ಇದ್ದಲ್ಲೇ ಇರಲೆಂದು ನಾನು ಹರಕೆ ಹೊತ್ತೆ.

ಸೋಮವಾರ ಬೇಕಿತ್ತು

ಗಾಡಿಯಡಿಗಿಳಿದು ಕೆಲಸ ಮಾಡುವ ನಮ್ಮ ಗುಂಡಿ ಲಾರಿಗಾಗಿ ತೋಡಿದ್ದು. ಈ ಕಾರನ್ನು ಅದರ ಮೇಲೆ ತಂದರೆ ಗಾಲಿಗಳೇ ಒಳಗಿಳಿಯುತ್ತಿದ್ದವು. ಪಕ್ಕದಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಅಂಗಡಿ. ಇವರು ಅಲ್ಲಿಂದ ಕಲ್ಲು ಕಡ ತಂದು, ಒಂದರ ಮೇಲೊಂದು ಪೇರಿಸಿ, ನಾಲ್ಕು ಗಾಲಿಗೆ ನಾಲ್ಕು ಕಟ್ಟೆ ಮಾಡಿದರು. ಗಾರೆಯವರ ರಸಮಟ್ಟ ಇಟ್ಟು ನೋಡಿದರು. ಗುಳ್ಳೆ ನಡುವೆ ಬಂದು ನಿಂತಿತು. ಮೈ ಚಪ್ಪಟೆ ಮಾಡಿಕೊಂಡು ಕಾರಿನಡಿಗೆ ತೂರಿದರು. ಎಪ್ಪತ್ತೆರಡು ವರ್ಷದ ಮನುಷ್ಯ, ಎದೆಯ ಮೇಲೆ ಒಂದು ಗೇಣು ದೂರದಲ್ಲಿ ಇಡೀ ಕಾರು. ನಾನು ಅಲ್ಲೇ ಕಾವಲು ಕೂತೆ.

ಆಗ ಮನೆ ಕಟ್ಟಿಸುತ್ತಿದ್ದ ಚಿಮ್ಮನಚೋಡದವರೊಬ್ಬರು ಕಲ್ಲು ಕೊಳ್ಳಲು ಬಂದರು. ಅಂಗಡಿಯಲ್ಲಿದ್ದ ಕಲ್ಲೊಂದೂ ಅವರಿಗೆ ಹಿಡಿಸಲಿಲ್ಲ. ಕಣ್ಣು ನಮ್ಮ ಕಾರಿನ ಕೆಳಗೆ ಬಿತ್ತು. ಬಂದು ಬೆರಳಿನಿಂದ ಬಡಿದು ನೋಡಿದರು.

“ದನಿ ಛಲೋ ಅದ. ಇಷ್ಟು ಭಾರ ಹೊತ್ರೂ ಸೀಳಿಲ್ಲ. ನನಗ ಇವೇ ಬೇಕು,” ಎಂದು ಅಂಚು ಹಿಡಿದು ಎಳೆದೇಬಿಟ್ಟರು.

ಕಾರು ಒಮ್ಮೆ ಅಲುಗಿತು. ಕೆಳಗಿನಿಂದ ಕೂಗು ಬಂತು: “ಯಾವನಪ್ಪಾ ಅಂವ! ನಾ ಸತ್ತ ಮ್ಯಾಲ ಒಯ್ಯಿ!”

ಅವರು ಬಗ್ಗಿ, ಬಹಳ ಮರ್ಯಾದೆಯಿಂದ ಕೇಳಿದರು: “ಯಾವಾಗ್ರಿ? ನನಗ ಸೋಮವಾರ ಬೇಕಿತ್ತು.”

ಕಾರಿಗೆ ಒದ್ದೆ ಗೋಣಿ

ಹಳೆಯ ಎಣ್ಣೆಯ ಕೊಳೆಯಿಂದ ಫಿಲ್ಟರ್ ಕಟ್ಟಿ, ಆ ಪೆಟ್ಟಿಗೆಯ ಅಪ್ಪಣೆ ಕ್ಲಚ್ಚಿಗೆ ಸರಿಯಾಗಿ ಮುಟ್ಟುತ್ತಿರಲಿಲ್ಲ. ಹೈದರಾಬಾದಿನಿಂದ ಹೊಸ ಫಿಲ್ಟರ್ ಬಂದು ಮುಟ್ಟಿದ್ದು ಶುಕ್ರವಾರ ನಡುಮಧ್ಯಾಹ್ನ. ಮರುದಿನವೇ ಶನಿವಾರ. ಫಿಲ್ಟರ್ ಕೂರಿಸಿ ಹೊಸ ಎಣ್ಣೆ ತುಂಬಿದ ಮೇಲೆ, ಎಂಜಿನ್ ಓಡುತ್ತಿರುವಾಗಲೇ ಅದರ ಮಟ್ಟ ನೋಡಬೇಕು. ಎಣ್ಣೆ ಮೂವತ್ತೈದರಿಂದ ನಲವತ್ತೈದು ಡಿಗ್ರಿಯೊಳಗೆ ಇರಬೇಕೆಂದು ಪುಸ್ತಕದಲ್ಲಿ ಬರೆದಿತ್ತು. ಬರೆದವರು ಮೇ ತಿಂಗಳಲ್ಲಿ ವಾಡಿಗೆ ಬಂದವರಲ್ಲ. ನಮ್ಮಲ್ಲಿ ಎಂಜಿನ್ ಶುರು ಮಾಡುವ ಮೊದಲೇ, ಡಬ್ಬಿಯೊಳಗಿನ ಎಣ್ಣೆಯೇ ನಲವತ್ತಮೂರು!

ಎಣ್ಣೆ ಡಬ್ಬಿಯನ್ನು ಕುಡಿಯುವ ನೀರಿನ ಹರವಿಯಲ್ಲಿ ಇಳಿಬಿಟ್ಟೆ. ಮಲಗುವ ಕೋಣೆಯ ಕೂಲರನ್ನು ಅಂಗಳಕ್ಕೆ ಎಳೆದು ತಂದೆವು. ಗೋಣಿಚೀಲ ತೋಯಿಸಿ ಗೇರ್‌ಬಾಕ್ಸಿಗೆ ಹೊದಿಸಿದೆವು. ಕೊನೆಗೆ ಎಣ್ಣೆ ತುಂಬಿ, ಸೊಸೆ ಎಂಜಿನ್ ಶುರು ಮಾಡಿದಳು. ಇವರು ಕೆಳಗೆ ಮಲಗಿ ಬಿರಡೆ ತೆಗೆದರು. ಹೆಚ್ಚಿನ ಎಣ್ಣೆ ಧಾರೆಯಾಗಿ ಹರಿದು, ತೊಟ್ಟಿಕ್ಕುವ ಹದಕ್ಕೆ ಬಂದಾಗ ಮುಚ್ಚಬೇಕು. ಅಷ್ಟರೊಳಗೆ ಕಾವು ಏರಿದರೆ ಇಡೀ ಕೆಲಸ ಮೊದಲಿನಿಂದ. ಅದಕ್ಕೆ ಹೊತ್ತಿರಲಿಲ್ಲ.

“ನಲವತ್ತೊಂದು, ಮಾವಾರ.”

“ಧಾರಿ ಇನ್ನಾ ನಿಂತಿಲ್ಲವ್ವಾ.”

“ನಲವತ್ಮೂರು! ಲಗೂ ಮಾಡ್ರಿ!”

“ನನ್ನ ಕೈಯಾಗೇನದ? ಅದು ನಿಲ್ಲಬೇಕಲ್ಲ!”

“ನಲವತ್ನಾಲ್ಕು!”

ತೊಟ್ಟು... ತೊಟ್ಟು... ಇವರು ಬಿರಡೆ ತಿರುಗಿಸಿದರು. ನಾನು ಕೂತಲ್ಲೇ ಕೊಳ್ಳೇಗಾಲದ ದೇವರನ್ನೆಲ್ಲ ನೆನೆದೆ. ಇವರು ಹೊರಗೆ ತೆವಳಿ ಬಂದಾಗ ಮುಖ ಕೆಂಡದಂತಿತ್ತು.

“ನನಗೂ ಒಂದು ತೊಯ್ದ ಗೋಣಿ ಹಾಕ್ರೇ, ಸಾಯಾಕತ್ತೀನಿ.”

ಸೊಸೆ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ಹೇಳಿದಳು: “ನಿಮ್ಮದು ಎಷ್ಟು ಡಿಗ್ರಿ ಇರಬೇಕಂತ ಪುಸ್ತಕದಾಗ ಬರದಿಲ್ರಿ, ಮಾವಾರ.”

ಸುದ್ದಿ ಮುಟ್ಟದ ಕಾಲು

ಎಣ್ಣೆ ಬದಲಿಸಿದರೆ ಮುಗಿಯಲಿಲ್ಲ. ಕಾರು ತನ್ನ ಎರಡು ಕ್ಲಚ್ಚನ್ನೂ ಮತ್ತೆ ಗುರುತು ಹಿಡಿಯಬೇಕು. ಅದಕ್ಕೆ ಸ್ವಲ್ಪ ದೂರ ಎಲ್ಲೂ ನಿಲ್ಲಿಸದೆ, ಬ್ರೇಕ್ ಮುಟ್ಟದೆ, ಒಂದೇ ಸಮನೆ ನಡೆಸಬೇಕು. ಸಂಜೆ ಹೊರಟೆವು. ಸ್ಟೇರಿಂಗಿಗೆ ಇವರು, ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದ ಸೊಸೆ. ಇವರಿಗೆ ಬಿ.ಪಿ. ಇರುವುದರಿಂದ ಗುಳಿಗೆಯ ಚೀಲ ಹಿಡಿದು ಹಿಂದೆ ನಾನು. ಆ ಹಿಂದಿನ ಸೀಟನ್ನು ಬರೀ ಚೀಲಕ್ಕಾಗಿಯೇ ಮಾಡಿದ್ದು, ನನಗಲ್ಲ.

ಕಾರು ಒಂದನೆಯ ಗೇರಿನಿಂದ ಎರಡಕ್ಕೆ ಬೆಣ್ಣೆಯ ಹಾಗೆ ಹೋಯಿತು. ಮೂರು ಬೀಳುವ ಸದ್ದು ಕೇಳಿದ್ದೇ ತಡ, ಐವತ್ತು ವರ್ಷ ಲಾರಿಯ ಕ್ಲಚ್ ತುಳಿದ ಎಡಗಾಲು ತಾನಾಗಿ ಎದ್ದು ಧಪ್ಪನೆ ತುಳಿಯಿತು. ಅಲ್ಲಿದ್ದದ್ದು ಬ್ರೇಕು. ನನ್ನ ಹಣೆ ಮುಂದಿನ ಸೀಟಿಗೆ, ಸೊಸೆಯ ಹಣೆ ಲ್ಯಾಪ್‌ಟಾಪಿಗೆ. ಹಿಂದೆ ಸಿಮೆಂಟಿನ ಲಾರಿ ಕಿರ್ರೆಂದು ನಿಂತಿತು. ಡ್ರೈವರ್ ಕೂಗಿದ: “ಅಜ್ಜಾ, ಗಾಡಿ ನಡಸಾಕತ್ತೀಯೋ, ಚೇಳು ತುಳಿಯಾಕತ್ತೀಯೋ?”

“ಎಲ್ಲಾ ಹೋತು, ಮತ್ತ ಮೊದಲಿಂದ,” ಎಂದಳು ಸೊಸೆ. ಎರಡನೆಯ ಸಲವೂ ಹಾಗೇ. ಮೂರನೆಯ ಸಲವೂ ಹಾಗೇ. “ಮಾವಾರ, ನಾ ನಡಸ್ಲೇನ್ರಿ?” ಎಂದರೆ ಇವರು ಒಪ್ಪಲಿಲ್ಲ. ಆಣೆ ಇಟ್ಟವರು ಇವರು, ನಡೆಸಬೇಕಾದವರೂ ಇವರೇ. ನಾಲ್ಕನೆಯ ಸಲ ತುಳಿದ ಮೇಲೆ ಕಾಲಿಗೇ ಬೈದರು: “ಏ, ಸುಮ್ಕ ಕುಂದ್ರಲೇ!”

ಅದು ಹೇಗೆ ಸುಮ್ಮನೆ ಕೂತೀತು? ಈ ಕಾರಿನಲ್ಲಿ ತಾನು ರಿಟೈರ್ ಆಗಿದ್ದೇನೆಂಬ ಸುದ್ದಿಯೇ ಅದಕ್ಕೆ ಮುಟ್ಟಿರಲಿಲ್ಲ.

ಕೊಳ್ಳೇಗಾಲದ ಗಂಟು

ಕಾರಿಗೆ ಕಲಿಸಲು ಇನ್ನು ಉಳಿದದ್ದು ಚಿತ್ತಾಪುರದ ದಾರಿಯೊಂದೇ. ಶನಿವಾರ ಮುಂಜಾನೆ ಹೊರಡುವ ಮೊದಲು, ನನ್ನ ಹಳೆಯ ಸೀರೆಯ ಅಂಚು ಹರಿದು, ಇವರ ಎಡಗಾಲನ್ನು ಸೀಟಿನ ಕಂಬಿಗೆ ಕಟ್ಟಿದೆ. ತವರಿನಲ್ಲಿ ತುಡುಗು ಹಸುವಿಗೆ ಹಾಕುತ್ತಿದ್ದ ಗಂಟು ಅದು, ಎಳೆದಷ್ಟೂ ಬಿಗಿ. “ನಾನೇನು ದನಾ ಏನೇ?” ಎಂದರು. “ದನಕ್ಕೆ ಒಂದು ಸಲ ಕಟ್ಟಿದರೆ ಸಾಕು ರೀ, ತಿಳಿಯುತ್ತೆ,” ಎಂದೆ.

ಮೂವರೂ ಹೊರಟೆವು, ಗೇರು ಒಂದೊಂದಾಗಿ ಬೀಳತೊಡಗಿತು. ಎರಡು. ಮೂರು. ಕಾಲು ಎದ್ದಿತು, ಸೀರೆ ಜಗ್ಗಿತು, ಕಾಲು ಕೂತಿತು. ನಾಲ್ಕು. ಐದು. ಸೊಸೆ ತುಟಿ ಕಚ್ಚಿ ಲ್ಯಾಪ್‌ಟಾಪ್ ನೋಡುತ್ತಿದ್ದಳು. ಆರು. “ಕಲೀತ್ರಿ ಮಾವಾರ, ಎಲ್ಲಾ ಕಲೀತು!” ಎಂದಳು. ಇವರ ಕಣ್ಣು ತೇವವಾದದ್ದನ್ನು ನಾನು ಕನ್ನಡಿಯಲ್ಲಿ ಕಂಡೆ.

ಚಿತ್ತಾಪುರದಲ್ಲಿ ವಕೀಲರ ಮನೆಯ ಮುಂದೆ ಜನ ಸೇರಿತ್ತು. ಸೋಲು ನೋಡಲೆಂದು ನಮ್ಮ ಹೋಟೆಲಿನವನು ಮೊದಲ ಬಸ್ಸಿಗೇ ಬಂದು ನಿಂತಿದ್ದ. ಇವರು ಗಾಡಿ ನಿಲ್ಲಿಸಿದರು, ಮೀಸೆ ತಿರುವಿದರು, ಬಾಗಿಲು ತೆರೆದರು. ಬಲಗಾಲು ಹೊರಗಿಟ್ಟು ಗತ್ತಿನಿಂದ ಎದ್ದರು. ಗಂಟು ಇವರಿಗೂ ಮರೆತಿತ್ತು, ನಮಗೂ ಮರೆತಿತ್ತು.

ಎದ್ದವರು ಹಾಗೇ ಉದ್ದಕ್ಕೆ ಬಿದ್ದರು, ನೇರ ವಕೀಲರ ಪಾದದ ಮೇಲೆ.

“ಅಯ್ಯಯ್ಯೋ ಯಜಮಾನ್ರ! ನೀವು ಹಿರಿಯರು, ನನ್ನ ಕಾಲಿಗಿ ಬೀಳಬಾರದ್ರಿ!” ವಕೀಲರು ಗಾಬರಿಯಾಗಿ ಹಿಂದೆ ಸರಿದರು.

“ಗೆದ್ದಾಂವ ಯಾಕ ಕಾಲಿಗಿ ಬೀಳಾಕತ್ತಾನ?” ಎಂದ ಹೋಟೆಲಿನವನು.

ಇವರು ಮಣ್ಣಿನಿಂದ ಮುಖ ಎತ್ತಿ ಕೂಗಿದರು: “ನಮಸ್ಕಾರ ಅಲ್ರೋ! ಕಾಲು ಬಿಚ್ರೋ!”

ನನ್ನ ಗಂಟು ಬಿಚ್ಚಲು ಅಲ್ಲಿ ಯಾರಿಂದಲೂ ಆಗಲಿಲ್ಲ. ಕೊನೆಗೆ ಹೋಟೆಲಿನವನೇ ಎದುರಿನ ಅಂಗಡಿಯಿಂದ ಚಾಕು ತಂದು, ನಮ್ಮೆಜಮಾನರ ಪಾದದ ಬುಡದಲ್ಲಿ ಮಂಡಿಯೂರಿ ಕೊಯ್ದ. ಇವರು ಧೂಳು ಕೊಡವುತ್ತಾ ಹೇಳಿದರು: “ಈಗ ನೋಡು, ಯಾರು ಯಾರ ಕಾಲಿಗಿ ಬಿದ್ದಾರ.”

ಬೋರ್ಡು ಇದ್ದಲ್ಲೇ ಇದೆ, ಸಾಸಿವೆಯೂ ಇದ್ದಲ್ಲೇ ಇದೆ. ಹಾಂ, ಮೆಕಾಟ್ರಾನಿಕ್! ಅದೇ ಆ ಪೆಟ್ಟಿಗೆಯ ಹೆಸರು. ಇವತ್ತು ಅಂಥದೇ ಇನ್ನೊಂದು ಹಳೆಯ ಕಾರು ಶಹಾಬಾದಿನಿಂದ ಬಂದು ಅಂಗಳದಲ್ಲಿ ನಿಂತಿದೆ. ಇವರು ಆಗಲೇ ಫರಸಿ ಪೇರಿಸುತ್ತಿದ್ದಾರೆ, ನಾನು ಹಳೆಯ ಸೀರೆ ಹುಡುಕುತ್ತಿದ್ದೇನೆ. ಮೊಮ್ಮಗಳು ನೋಟ್‌ಬುಕ್ಕು ಪೆನ್ನು ಹಿಡಿದು ಓದಲು ಕೂತಿದ್ದಾಳೆ.

“ಬಾರೇ ಪುಟ್ಟಿ, ದಪ್ಪ ಅಕ್ಷರದಲ್ಲಿ ಒಂದು ಚೀಟಿ ಬರಿ, ಸ್ಟೇರಿಂಗ್ ಮೇಲೆ ಅಂಟಿಸೋಣ: ‘ಇಳಿಯುವ ಮೊದಲು ಕಾಲು ಬಿಚ್ಚಿಕೊಳ್ಳಿ.’”