ಬೂದಿಯ ಮೇಲಿನ ಹೆಜ್ಜೆ

ನಡಿಗೆ ನೋಡಿ ಜೀವ ಅಳೆಯುವುದರಲ್ಲಿ ಇಡೀ ಚಿಂತಾಮಣಿ ಸಂತೆಯಲ್ಲೇ ನನ್ನನ್ನು ಮೀರಿಸುವವರಿಲ್ಲ! ಓದು ಬರಹ ಬಾರದಿದ್ದರೇನು, ದನದ ದಲ್ಲಾಳಿಯ ಹೆಂಡತಿ ನಾನು. ಎತ್ತಿನ ಹಿಂಗಾಲು ಮುಂಗಾಲಿನ ಗುರುತನ್ನು ದಾಟಿ ಬಿದ್ದರೆ ಗಟ್ಟಿ ಎತ್ತು, ಹಿಂದೆಯೇ ಬಿದ್ದರೆ ಸೋಮಾರಿ ಎಂದು ನಮ್ಮ ಯಜಮಾನರು ಹೇಳಿಕೊಟ್ಟಿದ್ದರು.

ಅವರೇ ಹೋಗಿಬಿಟ್ಟರು. ಪ್ರಾಣ ಹೋದ ಜಾಗದಲ್ಲಿ ದೀಪವಿಟ್ಟು, ಸುತ್ತ ಬೂದಿ ಹರಡುವುದು ನಮ್ಮಲ್ಲಿ ವಾಡಿಕೆ. ಬೆಳಗ್ಗೆ ಅದರ ಮೇಲೆ ಯಾವ ಹೆಜ್ಜೆ ಮೂಡಿದೆಯೋ ಆ ರೂಪದಲ್ಲಿ ಸತ್ತವರು ಬಂದು ಹೋದರೆಂದು ಲೆಕ್ಕ; ಮನೆಯಲ್ಲಿ ಸಾಕಿದ ಪ್ರಾಣಿ ತುಳಿದರೆ ಮಾತ್ರ ಲೆಕ್ಕಕ್ಕಿಲ್ಲ. ಹೆಜ್ಜೆ ಓದುವವಳು ನಾನೇ ಎಂದು ಮೊದಲೇ ಸಾರಿಬಿಟ್ಟೆ. ಕೊನೆಗಾಲದಲ್ಲಿ ಅವರಿಗೆ ಮಾತು ಬಿದ್ದುಹೋಗಿತ್ತು. ಏನೋ ಹೇಳಲು ನನ್ನ ಕೈ ಹಿಡಿದೆಳೆದರು, ಆಗಲಿಲ್ಲ. ಒಂದು ಸಲ ಬಂದು ಹೋದರೆಂದು ಗೊತ್ತಾದರೆ ಸಾಕಿತ್ತು ನನಗೆ.

ಗೊತ್ತಾಯಿತು! ಬಾಗಿಲಿಂದ ದೀಪದವರೆಗೆ ಹೆಜ್ಜೆಯ ಸಾಲು. ನಾಲ್ಕು ಕಾಲಿನ ಪ್ರಾಣಿಯಾದರೆ ಇದರ ಎರಡರಷ್ಟು ಗುರುತು ಬೇಡವೇ? ಇದು ಎರಡು ಕಾಲಿನ ನಡಿಗೆ, ಅವರೇ ಬಂದಿದ್ದಾರೆ ಎಂದು ತೀರ್ಪು ಕೊಟ್ಟೆ. ಮನೆಯೆಲ್ಲ ಗೊಳೋ ಎಂದಿತು. ಅತ್ತಿಗೆಯಾದ ನನ್ನನ್ನು ವದಿನಾ ಎನ್ನುವ ನಾದಿನಿ ಅಮ್ಮಾಜಮ್ಮ ಮಾತ್ರ ಬಗ್ಗಿ ನೋಡಿದಳು.

“ವದಿನಾ, ನಮ್ಮಣ್ಣನ ಪಾದ ಮೊರದಷ್ಟಿತ್ತು. ಇದು ನೆಲ್ಲಿಕಾಯಿ ಗಾತ್ರ ಐತೆ.”

“ಸತ್ತೋರು ಹಿಮ್ಮಡಿ ಊರ್ತಾರೇನೇ? ಬೆರಳ ತುದೀಲಿ ನಡೀತಾರೆ.”

“ಯಾರು ಹೇಳಿದ್ದು?”

“ನಾನು ಹೇಳ್ತಿದೀನಲ್ಲ.”

ನಾನು ಹೀಗೆ ಹೊಸ ಶಾಸ್ತ್ರ ಹುಟ್ಟಿಸುತ್ತಿರುವಾಗಲೇ ಮನೆಯ ಬೆಕ್ಕು ಅಡುಗೆಮನೆಯಿಂದ ಹೊರಟು, ಎಲ್ಲರ ಕಣ್ಣೆದುರೇ ಬೂದಿ ತುಳಿದುಕೊಂಡು ಹೋಯಿತು. ಮುಂಗಾಲು ಎತ್ತಿದ ಗುಳಿಯೊಳಗೇ ಹಿಂಗಾಲು ಇಡುತ್ತಿತ್ತು! ನಡೆದದ್ದು ನಾಲ್ಕು ಕಾಲು, ಉಳಿದದ್ದು ಎರಡು ಕಾಲಿನ ಗುರುತು. ಹಳೆಯ ಸಾಲಿನ ಪಕ್ಕದಲ್ಲೇ ಅದರ ಅವಳಿ.

“ಎತ್ತಿನ ಹಿಂಗಾಲು ನೋಡ್ದೋಳು ಬೆಕ್ಕಿಂದು ನೋಡ್ಲಿಲ್ವಾ?” ಎಂದಳು ಅಮ್ಮಾಜಮ್ಮ. ಅಳುತ್ತಿದ್ದವರೆಲ್ಲ ಬಾಯಿಗೆ ಸೆರಗು ತುರುಕಿಕೊಂಡರು.

ನಾನು ಸೋಲುವವಳೇ? ಆ ಸಂಜೆ ಬೆಕ್ಕನ್ನು ಕೋಳಿ ಮುಚ್ಚುವ ಬುಟ್ಟಿಯಡಿ ಹಾಕಿ, ಮೇಲೆ ಕಲ್ಲು ಹೇರಿ, ಹೊಸದಾಗಿ ಬೂದಿ ಹರಡಿದೆ.

ಬೆಳಗ್ಗೆ ಬೂದಿ ಹರಡಿದ ಹಾಗೇ ಇತ್ತು. ಒಂದು ಇರುವೆಯೂ ನಡೆದಿರಲಿಲ್ಲ.

ಅಮ್ಮಾಜಮ್ಮ ಏನಾದರೂ ಅಂದಾಳೆಂದು ಕಾದೆ. ಅವಳು ನನ್ನ ಮುಖವನ್ನೇ ನೋಡಿದಳು. ಹೋಗಿ ಬುಟ್ಟಿ ಎತ್ತಿ, ಬೆಕ್ಕನ್ನು ತಂದು ಬೂದಿಯ ಅಂಚಿಗೆ ಬಿಟ್ಟಳು. ಬೆಕ್ಕು ಬೂದಿ ಮೂಸಿತು. ನನ್ನನ್ನೊಮ್ಮೆ ದಿಟ್ಟಿಸಿತು. ಬಾಲ ನೆಟ್ಟಗೆ ಮಾಡಿಕೊಂಡು, ಬೂದಿ ಸೋಕದ ಹಾಗೆ ಹಿಂದಕ್ಕೆ ತಿರುಗಿ, ಹೊಸ್ತಿಲು ದಾಟಿ ಹೊರಟೇಹೋಯಿತು.

ಅಮ್ಮಾಜಮ್ಮ ನನ್ನ ಪಕ್ಕ ಕೂತಳು.

“ನಮ್ಮಣ್ಣನಂಗೇ ಇದೂ ನಿನ್ನ ಮೇಲೆ ಮುನಿಸ್ಕೊಂಡೈತೆ, ವದಿನಾ.”