ಅಧ್ಯಕ್ಷರ ಸಹಿಗೆ ಕುಂಕುಮ

ನನ್ನ ನೆನಪನ್ನು ನಾನು ನಂಬುವುದಿಲ್ಲ. ಅದು ಯಾವಾಗಲೂ ನನ್ನ ಪಕ್ಷವನ್ನೇ ವಹಿಸುತ್ತದೆ. ಆದ್ದರಿಂದ ದಿನಚರಿ ಬರೆಯುತ್ತೇನೆ. ಹಳೆಯ ಸಹಿಗಳ ಹುಚ್ಚು ಹಿಡಿದದ್ದೂ ಆದ್ದರಿಂದಲೇ ಇರಬೇಕು. ಸಹಿ ಹಾಕಿದವನು ‘ನಾನಲ್ಲ’ ಎನ್ನುವಂತಿಲ್ಲ, ನೋಡಿ. ಜಪಾನಿನ ಹಮಾಮತ್ಸುವಿನಲ್ಲಿ ಎಂಜಿನ್ ವಿನ್ಯಾಸ ಮಾಡುವ ಮೈಸೂರಿನವನಿಗೆ ಅಮೆರಿಕದ ಮೊದಮೊದಲ ನಾಯಕರ ಸಹಿ ಯಾಕೆ ಎಂದು ಕೇಳಬೇಡಿ. ನನ್ನ ಹೆಂಡತಿ ವಸುಧಾ ಕೇಳಿ ಕೇಳಿ ಸುಸ್ತಾಗಿದ್ದಾಳೆ. ನನ್ನ ಭಂಡಾರದ ಹೆಮ್ಮೆಯೆಂದರೆ ಅಲ್ಲಿನ ಆರಂಭಕಾಲದ ಅಧ್ಯಕ್ಷರೊಬ್ಬರು ಸಹಿ ಮಾಡಿ ಯಾರೋ ರೈತನಿಗೆ ಕೊಟ್ಟ ಜಮೀನಿನ ಪತ್ರ. ನಮ್ಮ ಸಾಗುವಳಿ ಚೀಟಿಯ ಹಾಗೆಯೇ, ಆದರೆ ಚರ್ಮದ ಹಾಳೆಯ ಮೇಲೆ.

ಇಲ್ಲಿ ಇಂಥ ಹುಚ್ಚಿನವರ ಪುಟ್ಟ ಕೂಟವೊಂದಿದೆ. ಸದಸ್ಯನಾಗಬೇಕಾದರೆ ಹಿರಿಯರೊಬ್ಬರು ಮನೆಗೆ ಬಂದು, ನೀವು ಪತ್ರಗಳನ್ನು ಹೇಗೆ ಕಾಪಾಡುತ್ತೀರಿ ಎಂದು ನೋಡಬೇಕು. ಎರಡು ವರ್ಷ ಕಾದ ಮೇಲೆ, ಭಾನುವಾರ ಬರುವುದಾಗಿ ಕೂಟದ ಹಿರಿಯ ಹಯಾಶಿ-ಸಾನ್ ತಿಳಿಸಿದರು. ಶನಿವಾರ ಪತ್ರ ತೆಗೆದು ನೋಡಿದರೆ ಅಧ್ಯಕ್ಷರ ಸಹಿಯ ಪಕ್ಕದಲ್ಲೇ ಕೆಂಪು ಬೊಟ್ಟು!

“ಆಯುಧಪೂಜೆ ದಿನ ಇದಕ್ಕೂ ಕುಂಕುಮ ಇಟ್ಯಾ?” ಎಂದು ಕೂಗಿದೆ. ಅವಳು ಇಟ್ಟದ್ದು ನನಗೆ ಕಣ್ಣಿಗೆ ಕಟ್ಟಿದಂತಿತ್ತು.

“ನಾನಾ? ಒಂದ್ ನಿಮಿಷ ಇರಿ,” ಎಂದು ವಸುಧಾ ಫೋನ್ ತಂದಳು. ಫೋಟೋದಲ್ಲಿ ಲ್ಯಾಪ್‌ಟಾಪ್, ಕಾರಿನ ಕೀ, ಮಿಕ್ಸಿ. ಅವುಗಳ ನಡುವೆ ಅಧ್ಯಕ್ಷರು. ಅವರ ಸಹಿಯ ಪಕ್ಕ ಕುಂಕುಮ ಇಡುತ್ತಿರುವ ನನ್ನ ಉಂಗುರದ ಬೆರಳು. “ಪಂಚೆಲಿ ಎಷ್ಟು ಚೆನ್ನಾಗ್ ಕಾಣ್ತಿದೀರ ನೋಡಿ. ನಿಮ್ಮಮ್ಮಂಗೂ ಕಳ್ಸಿದೀನಿ.”

ದಿನಚರಿ ತೆಗೆದೆ. ‘ಪೂಜೆ ಚೆನ್ನಾಗಿ ಆಯಿತು. ಕೋಸಂಬರಿಗೆ ಉಪ್ಪು ಜಾಸ್ತಿ.’ ಅಷ್ಟೇ.

ಭಾನುವಾರ ಹಯಾಶಿ-ಸಾನ್ ಭೂತಗನ್ನಡಿ ಹಿಡಿದು ಪತ್ರದ ಮೇಲೆ ಬಹಳ ಹೊತ್ತು ಬಗ್ಗಿದರು. “ಇದು ನಿಮ್ಮ ಸಂಗ್ರಹದ ಮುದ್ರೆಯೇ? ನಮ್ಮ ಹಳೆಯ ಪುಸ್ತಕಗಳ ಮೇಲೂ ಅವುಗಳ ಒಡೆಯರು ಹೀಗೆಯೇ ಕೆಂಪು ಮುದ್ರೆ ಒತ್ತುತ್ತಿದ್ದರು,” ಎಂದರು.

ಹೌದು ಎಂದಿದ್ದರೆ ಸಾಕಿತ್ತು. ವಸುಧಾ ಚಹಾದ ತಟ್ಟೆ ಹಿಡಿದು ನನ್ನನ್ನೇ ನೋಡುತ್ತಿದ್ದಳು. “ಸುಮಿಮಾಸೆನ್,” ಎಂದು ಕ್ಷಮೆ ಕೇಳಿದೆ; ಪೂಜೆ, ಕುಂಕುಮ, ಮಿಕ್ಸಿ ಎಲ್ಲ ಹೇಳಿಬಿಟ್ಟೆ.

ಅವರು ಎದ್ದು ಪತ್ರಕ್ಕೆ ಬಾಗಿ ನಮಸ್ಕರಿಸಿದರು. “ನಮ್ಮಲ್ಲಿ ಪತ್ರ ಕಾಪಾಡುವವರು ಬಹಳ ಜನ ಇದ್ದಾರೆ. ಪೂಜೆ ಮಾಡುವವರು ಯಾರೂ ಇರಲಿಲ್ಲ.”

ಸದಸ್ಯತ್ವ ಸಿಕ್ಕಿತು. ಮುಂದಿನ ಆಯುಧಪೂಜೆಗೆ ಕೂಟದವರೆಲ್ಲ ತಮ್ಮ ತಮ್ಮ ಪತ್ರಗಳನ್ನು ನಮ್ಮ ಮನೆಗೇ ತರುತ್ತಾರಂತೆ; ಪೂಜೆ ನಾನೇ ಮಾಡಬೇಕಂತೆ. ಬಾಗಿಲಲ್ಲಿ ಮತ್ತೊಮ್ಮೆ ಬಾಗಿ ಹಯಾಶಿ-ಸಾನ್ ಒಂದು ಸಣ್ಣ ಕೋರಿಕೆ ಇಟ್ಟರು: ಪತ್ರಗಳೆಲ್ಲ ಪ್ಲಾಸ್ಟಿಕ್ ಹೊದಿಕೆಯೊಳಗೆ ಇರುತ್ತವೆ, ಕುಂಕುಮವನ್ನು ದಯವಿಟ್ಟು ಅದರ ಮೇಲೆ ಇಡಬೇಕು. ನನಗೂ ಅಂಥದ್ದೊಂದನ್ನು ಉಡುಗೊರೆಯಾಗಿ ತಂದುಕೊಡುತ್ತಾರಂತೆ.